ಬೇಸಿಗೆಯ ಸೊನ್ನೆ

ದೆವ್ವ ನೋಡಿದೆ, ಗಾಳಿ ಸೋಕಿತು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಓದಿದವರೂ ಹಾಗೆ ಬಡಬಡಿಸಿದರೆ ಎದುರಿಗೇ ನಕ್ಕುಬಿಡುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಗಬಹುದು, ನನ್ನದೇನೂ ಅಭ್ಯಂತರವಿಲ್ಲ.

ನನ್ನ ಕೆಲಸ ಮರಳುನೊಣ ಎಣಿಸುವುದು. ಅದು ಸೊಳ್ಳೆಗಿಂತ ಚಿಕ್ಕದು, ಸದ್ದಿಲ್ಲದೆ ಕಚ್ಚುತ್ತದೆ, ಮಕ್ಕಳಿಗೆ ಮೆದುಳಿಗೇರುವ ಜ್ವರ ತರುತ್ತದೆ. ಹರಳೆಣ್ಣೆ ಸವರಿದ ಕಾಗದವನ್ನು ಸಂಜೆ ದನದ ಕೊಟ್ಟಿಗೆಯ ಮಣ್ಣುಗೋಡೆಯ ಬಿರುಕಿಗೆ ಸಿಕ್ಕಿಸಿ, ಬೆಳಿಗ್ಗೆ ತೆಗೆದು ಅಂಟಿದ್ದನ್ನು ಎಣಿಸಬೇಕು. ಮಳೆಗಾಲದಲ್ಲಿ ನೊಣ ಹೆಚ್ಚು, ಬಿರುಬೇಸಿಗೆಯಲ್ಲಿ ಕಡಿಮೆ. ಇದೊಂದು ಮಾತು ಹಿಡಿದುಕೊಂಡು ನಮ್ಮ ತಂಡ ಬೇಸಿಗೆಯ ಫಾರ್ಮುಗಳನ್ನೆಲ್ಲ ಮನೆಯಲ್ಲೇ ಕುಳಿತು ತುಂಬುತ್ತಿತ್ತು. ಎಲ್ಲ ಊರಿಗೂ ಸೊನ್ನೆ. ಸಹಿ ಹಾಕುವ ಸಾಹೇಬರಿಗೆ ನೊಣಕ್ಕೂ ನುಸಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಸಂಬಳ ತಿನ್ನುವ ಸೋಮಾರಿಗಳು ನಾವು, ನಮ್ಮಲ್ಲಿ ನಾನೇ ಮೊದಲಿಗ.

ನಾಲ್ಕು ವರ್ಷದ ಹಿಂದೆ ಮೇ ತಿಂಗಳಲ್ಲಿ ಲಿಂಗಸುಗೂರಿನಲ್ಲಿ ನಮ್ಮ ಭಾವನ ಮನೆಯ ಗೃಹಪ್ರವೇಶ. ಸಾಲಗುಂದ ಎಂಬ ಹಳ್ಳಿಯ ಎರಡು ಮನೆಗಳ ಫಾರ್ಮನ್ನು ಅಲ್ಲೇ ಊಟದ ಪಂಕ್ತಿಗೆ ಕಾಯುತ್ತ ತೊಡೆಯ ಮೇಲಿಟ್ಟುಕೊಂಡು ತುಂಬಿದೆ. ರಾತ್ರಿ ಅಲ್ಲೇ ಮಲಗಿದೆ. ಬೇಕಾದರೆ ಫೋಟೋ ಇವೆ.

ತಿಂಗಳ ನಂತರ, ಮಳೆ ಹಿಡಿದ ಮೇಲೆ, ಮಸ್ಕಿ ಹಾಯ್ದು ಮೋಟರ್‌ಸೈಕಲ್ಲಿನಲ್ಲಿ ಸಾಲಗುಂದಕ್ಕೆ ಹೋದೆ. ಮೊದಲ ಮನೆ ಬಸಮ್ಮ ಎಂಬ ಮುದುಕಿಯದು, ಎರಡನೆಯದು ಅದರ ಪಕ್ಕದ್ದೇ. ಪುಟ್ಟ ಮೊಮ್ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಬಸಮ್ಮ ನನ್ನನ್ನು ಕಂಡದ್ದೇ ತರಾಟೆಗೆ ತೆಗೆದುಕೊಂಡಳು.

"ಕಾಗದ ಸಿಗಿಸಿ ಹ್ವಾದವ್ರು ತಗೊಂಡ್ ಹೋಗಾಕ ಬರಲೇ ಇಲ್ಲಲ್ರೀ ಸರ?"

"ಯಾವ ಕಾಗದಬೇ ಅಮ್ಮಾ?"

"ನೀವ ಇಟ್ಟದ್ದರೀ. ಕೂಸನ್ನ ಗ್ವಾಡಿ ಮಗ್ಗಲ ಮಲಗಸಬ್ಯಾಡ, ಮಾಳಿಗಿ ಮ್ಯಾಲ ಮಲಗಸು ಅಂತ ನನಗ ಬೈದಿರಲ್ಲ. ಅವತ್ತಿಂದ ಹಂಗ ಮಾಡಾಕತ್ತೀನಿ."

ಮುದುಕಿಗೆ ಅರಳುಮರಳು ಎಂದು ಮನಸ್ಸಿನಲ್ಲೇ ಜರೆದು ಕೊಟ್ಟಿಗೆಗೆ ಹೋದೆ. ಬಿರುಕಿನಲ್ಲಿ ಕಾಗದವಿತ್ತು. ಎಣ್ಣೆ ಒಣಗಿ ಧೂಳು ಹಿಡಿದಿದ್ದರೂ ಗಸಗಸೆ ಚೆಲ್ಲಿದ ಹಾಗೆ ನೊಣಗಳು ಅಂಟಿದ್ದವು. ಇದು ಕಾಲುವೆ ನೀರಿನ ಊರು. ಭತ್ತಕ್ಕೆ ಬೇಸಿಗೆಯಲ್ಲೂ ನೀರು ಹರಿಯುತ್ತದೆ, ಕೊಟ್ಟಿಗೆಯ ನೆಲ ಆರುವುದೇ ಇಲ್ಲ, ನೊಣಕ್ಕೆ ಅಷ್ಟು ತೇವ ಸಾಕು. ಒಂದು ಸಲ ಬಂದು ಬಗ್ಗಿ ನೋಡಿದ್ದರೆ ಎಂಥ ದಡ್ಡನಿಗೂ ತಿಳಿಯುತ್ತಿತ್ತು.

ಕಾಗದದ ಮೂಲೆಯಲ್ಲಿ ಮನೆ ನಂಬರು, ತಾರೀಖು. ಅದು ಗೃಹಪ್ರವೇಶದ ತಾರೀಖು. ಅಕ್ಷರ ನನ್ನದೇ. ಏಳರ ನಡುವೆ ಗೆರೆ ಎಳೆಯುವ ನನ್ನ ಚಟವೂ ಅದರಲ್ಲಿತ್ತು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

"ಬಾಜೂ ಮನಿಗೂ ನಾ ಹೋಗಿದ್ನೇನಬೇ?" ಎಂದು ಕೇಳಿದೆ.

"ಇಲ್ರೀ. ಆ ಮನಿಗೆ ಬ್ಯಾರೆದವ್ರು ಬರ್ತಾರ ಅಂದ್ರಿ. ಯಾರೂ ಬರಲಿಲ್ಲ." ಬಸಮ್ಮ ದನಿ ತಗ್ಗಿಸಿದಳು. "ಅವರ ಕೂಸು ಜ್ವರ ಬಂದು ಮೊನ್ನೆ ತೀರಿಕೊಂಡೈತ್ರೀ."

ಆ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಅಳುತ್ತಿದ್ದರು. ಬಾಗಿಲು ತಟ್ಟುವ ಧೈರ್ಯ ನನಗೆ ಬರಲಿಲ್ಲ.

ಬಸಮ್ಮನ ಮನೆಗೆ ಬಂದವನು ಯಾರೋ, ಇಂದಿಗೂ ನನಗೆ ತಿಳಿದಿಲ್ಲ. ಎರಡನೆಯ ಮನೆಗೆ ಬರಬೇಕಾಗಿದ್ದವನು ನಾನು.