ಕರಿ ಹೊಗೆಯ ಹಿಂದೆ ಬಂದ ಬಸ್ಸು

ಹೋದ ವರ್ಷ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ನಮ್ಮ ಕಡೆ ಹತ್ತಿ ಬಿಡಿಸುವ ಕೆಲಸ ಇನ್ನೂ ನಡೆದಿತ್ತು. ಸುರಪುರದ ಹತ್ತಿರ ದೇವಾಪುರದಲ್ಲಿ ನಮ್ಮ ಮನೆ. ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಕಿಡ್ನಿ ಕೆಟ್ಟ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಯಾದಗಿರಿಯಲ್ಲಿ ಡಯಾಲಿಸಿಸ್ ಮಾಡಿಸುತ್ತೇವೆ. ಬಸ್ಸಿನಲ್ಲೇ ಹೋಗಿ ಬರುವುದು ರೂಢಿ.

ಆ ವಾರ ಜ್ವರ ಬಂದು ಅಪ್ಪನ ಒಂದು ಸರದಿ ತಪ್ಪಿತು. ಮರುದಿನ ಬೆಳಿಗ್ಗೆ ನೋಡಿದರೆ ಕಾಲು ಬಾತುಕೊಂಡು ಚಪ್ಪಲಿಯೊಳಗೆ ಹೋಗುತ್ತಿಲ್ಲ. ಎರಡು ಮಾತಾಡಿದರೆ ಮೇಲುಸಿರು. ಆಸ್ಪತ್ರೆಗೆ ಫೋನ್ ಮಾಡಿದೆ. "ತಡ ಮಾಡಬ್ಯಾಡ್ರಿ, ಈಗಿಂದೀಗ ಕರ್ಕೊಂಡು ಬರ್ರಿ" ಎಂದರು. ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಅಪ್ಪನಿಗಿರಲಿಲ್ಲ. ನಮ್ಮ ಮನೆಯವರು ಟ್ರ್ಯಾಕ್ಟರಿನಲ್ಲಿ ಹತ್ತಿ ಹೇರಿಕೊಂಡು ಮಿಲ್ಲಿಗೆ ಹೋಗಿದ್ದರು. ಆಂಬುಲೆನ್ಸಿಗೆ ಕಾಯುವ ಧೈರ್ಯ ನನಗಾಗಲಿಲ್ಲ. ಉಳಿದದ್ದು ನಮ್ಮ ಹಳೆಯ ಡೀಸೆಲ್ ಕಾರು. ಸುಗ್ಗಿ ಶುರುವಾದಾಗಿನಿಂದ ಅದು ತಗಡಿನ ಶೆಡ್ಡಿನಲ್ಲಿ ಹತ್ತಿ ರಾಶಿಯ ಪಕ್ಕದಲ್ಲೇ ನಿಂತಿತ್ತು. ಓಡಿಸಲು ಕಲಿತಿದ್ದೆ ನಿಜ, ಆದರೆ ಒಬ್ಬಳೇ ಶಹಾಪುರ ದಾಟಿ ಹೋದವಳಲ್ಲ.

ಶಹಾಪುರದವರೆಗೆ ಗಾಡಿ ಸ್ವಲ್ಪ ಜಡವಾಗಿ ಎಳೆಯಿತು, ಅಷ್ಟೆ. ಯಾದಗಿರಿ ರಸ್ತೆ ಹಿಡಿದ ಮೇಲೆ ಎಷ್ಟು ತುಳಿದರೂ ಮುಂದೆ ಹೋಗದಂತಾಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯೇ ಕಾಣಿಸಲಿಲ್ಲ. ಬರೀ ಕಪ್ಪು ಹೊಗೆ. ವಾಸನೆ ಒಳಗೂ ಬಂದು ಅಪ್ಪ ಕೆಮ್ಮತೊಡಗಿದರು. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ, "ಅಕ್ಕಾರ, ಇಂಜಿನ್ ಹೋತು ನಿಮ್ದು!" ಎಂದು ಕೂಗಿ ಹಾಗೇ ಮುಂದೆ ಹೋದ. ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ.

ಅಷ್ಟರಲ್ಲಿ ಹಿಂದಿನಿಂದ ಒಂದೇ ಸಮನೆ ಹಾರ್ನ್. ಬಸ್ಸೊಂದು ನಮ್ಮನ್ನು ದಾಟಿ ಎದುರಿಗೇ ನಿಂತಿತು. ಡ್ರೈವರ್ ಬಾಗಿಲು ತೆಗೆದು ಇಳಿದು ಬಂದರು. ನಡುವಯಸ್ಸಿನ, ದಪ್ಪ ಮೀಸೆಯ ಮನುಷ್ಯ. ಮುಖದ ತುಂಬ ಸಿಟ್ಟು.

"ಏನ್ರೀ ಅಕ್ಕಾರ, ಕಾರ್ ಓಡಸಾಕತ್ತೀರೋ, ಇಟ್ಟಂಗಿ ಭಟ್ಟಿ ಎಳಕೊಂಡು ಹೊಂಟೀರೋ? ಬಸ್ಸಿನಾಗ ಸಣ್ಣ ಸಣ್ಣ ಕೂಸು ಅದಾವ. ನನಗ ದಾರೀನೇ ಕಾಣವಲ್ದು!"

ಅಪ್ಪನ ಕಡೆ ಕೈ ತೋರಿಸಿದೆ. ಡ್ರೈವರ್ ಕಿಟಕಿಗೆ ಬಗ್ಗಿ ನೋಡಿದರು. ಅಪ್ಪನ ಬಾತ ಕಾಲು, ಏದುಸಿರು ಕಂಡಿರಬೇಕು. ದನಿ ಇಳಿಯಿತು.

"ಎಲ್ಲಿಗ್ರಿ?"

"ಡಯಾಲಿಸಿಸ್‌ಗ್ರಿ. ಒಂದು ಸರದಿ ತಪ್ಯಾದ."

ಅವರು ಬಸ್ಸಿನ ಕಡೆ ತಿರುಗಿ, "ಸ್ವಲ್ಪ ತಡೀರಪಾ ಎಲ್ಲಾರೂ" ಎಂದು ಕೂಗಿ ಅಂಗಿಯ ತೋಳು ಮಡಚಿದರು.

ಅರ್ಧ ಬಸ್ಸು ಕೆಳಗಿಳಿಯಿತು. ಒಬ್ಬರು "ಆಯಿಲ್ ಸುಡಾಕತ್ತದ" ಎಂದರೆ, ಇನ್ನೊಬ್ಬರು "ಡೀಸೆಲ್‌ನಾಗ ನೀರು ಹೊಕ್ಕಾದ" ಎಂದರು. ಡ್ರೈವರ್ ತಲೆ ಅಲ್ಲಾಡಿಸಿದರು. "ಆಯಿಲ್ ಸುಟ್ರ ಹೊಗಿ ನೀಲಿ ಬರ್ತದ. ನೀರು ಹೊಕ್ರ ಬೆಳ್ಳಗ. ಇದು ಕರೇ ಹೊಗಿ. ಡೀಸೆಲ್ ಸಿಗಾಕತ್ತದ, ಗಾಳಿ ಸಿಗವಲ್ದು." ಆಮೇಲೆ ನನ್ನನ್ನು ಕೇಳಿದರು, "ಗಾಡಿ ಎಲ್ಲಿ ನಿಲ್ಲಸ್ತಿದ್ರಿ?"

"ಹತ್ತಿ ಶೆಡ್ಡಿನಾಗ್ರಿ. ಭಾಳ ದಿನ ತಗದಿದ್ದಿಲ್ಲ."

ಅವರ ಮೀಸೆಯಡಿ ನಗು ಕಂಡಿತು. ಬಾನೆಟ್ ಎತ್ತಿ, ಇಂಜಿನ್ನಿನ ಪಕ್ಕದ ಕಪ್ಪು ಡಬ್ಬಿಯ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿದರು. ಗಾಳಿ ಸೋಸುವ ಫಿಲ್ಟರ್ ಇರುವ ಡಬ್ಬಿ ಅದು. ಒಳಗೆ ತುರುಕಿ ತುಂಬಿದಂತೆ ನಮ್ಮದೇ ಹತ್ತಿ! ಅದರ ನಡುವೆ ಇನ್ನೂ ಕಣ್ಣು ಬಿಡದ, ಕೆಂಪನೆಯ ಇಲಿ ಮರಿಗಳು ಮಿಸುಕುತ್ತಿದ್ದವು.

"ಒಗೀರಿ ಅತ್ತ" ಎಂದರು ಯಾರೋ. ಅಲ್ಲಿಯವರೆಗೆ ಅಪ್ಪನಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದ ಒಬ್ಬ ಮುದುಕಿ ಮುಂದೆ ಬಂದಳು. "ಅವೇನ್ ಮಾಡ್ಯಾವೋ ಯಪ್ಪಾ. ಬೆಚ್ಚಗ ಜಾಗ ಸಿಕ್ತು, ತಾಯಿ ಹಡದಾಳ" ಎಂದು ಹತ್ತಿ ಸಮೇತ ಎತ್ತಿಕೊಂಡು ಹೋಗಿ ಜಾಲಿ ಗಿಡದ ನೆರಳಿಗೆ ಇಟ್ಟು ಬಂದಳು.

ಡ್ರೈವರ್ ಫಿಲ್ಟರ್ ತೆಗೆದು ಬಡಿದು ಧೂಳು ಕೊಡವಿದರು. ಒಂದು ಮೂಲೆಯನ್ನು ಇಲಿ ಕಡಿದಿತ್ತು. ಮತ್ತೆ ಜೋಡಿಸಿ, "ಚಾಲು ಮಾಡ್ರಿ, ಜೋರು ತುಳೀರಿ" ಎಂದರು. ಭುಸ್ ಎಂದು ಒಮ್ಮೆ ಕಪ್ಪು ಹೊಗೆ ಬಂತು. ಆಮೇಲೆ ಏನೂ ಇಲ್ಲ. ಬಸ್ಸಿನ ಕಿಟಕಿಯಿಂದ ಯಾರೋ ಸಿಳ್ಳೆ ಹೊಡೆದರು.

"ಕಾಕಾ, ಅಂಜಿಕಿ ಅನಸಿದ್ರ ನಮ್ಮ ಬಸ್ಸಿನಾಗ ಬರ್ರಿ. ಎಲ್ಲಾರೂ ಕೂಡಿ ಎತ್ತಿ ಕುಂದ್ರಸ್ತೇವಿ" ಎಂದರು ಡ್ರೈವರ್.

ಅಪ್ಪ ಉಸಿರು ಹಿಡಿದು ಹಿಡಿದು ಹೇಳಿದರು: "ಬ್ಯಾಡಪಾ. ನನ್ನ ಮಗಳು... ಓಡಸ್ತಾಳ."

ನಾನು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ.

"ಹಂಗಾರ ನೀವು ಮುಂದ ನಡೀರಿ" ಎಂದರು ಡ್ರೈವರ್. "ಫಿಲ್ಟರ್ ಹರದಾದ. ನಾ ಮುಂದ ಹೋದ್ರ ನನ್ನ ಬಸ್ಸಿನ ಧೂಳೆಲ್ಲ ನಿಮ್ಮ ಇಂಜಿನ್‌ಗೆ ಹೋಗ್ತದ. ನಾ ಹಿಂದ ಬರ್ತೀನಿ. ಗಾಡಿ ಬಂದ್ ಬಿದ್ರ ನಾ ಅದೀನಿ. ಇವತ್ತೇ ಹೊಸಾ ಫಿಲ್ಟರ್ ಹಾಕಸ್ರಿ, ಮರೀಬ್ಯಾಡ್ರಿ."

ನಾನು ನಿಧಾನಕ್ಕೆ ಹೊರಟೆ. ಲಾರಿಗಳು, ಜೀಪುಗಳು, ಕಬ್ಬಿನ ಟ್ರ್ಯಾಕ್ಟರ್ ಸಹ ನಮ್ಮನ್ನು ದಾಟಿ ಹೋದವು. ಆ ಬಸ್ಸು ಮಾತ್ರ ದಾಟಲಿಲ್ಲ. ದಾರಿಯ ಹಳ್ಳಿಗಳಲ್ಲಿ ಜನರನ್ನು ಇಳಿಸಲು ನಿಂತಾಗ ಕನ್ನಡಿಯಿಂದ ಮರೆಯಾಗುತ್ತಿತ್ತು, ನಾನು ಇನ್ನಷ್ಟು ನಿಧಾನ ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಹಿಂದೆ ಕಾಣುತ್ತಿತ್ತು. ಭೀಮಾ ಸೇತುವೆಯನ್ನೂ ಹಾಗೆಯೇ ದಾಟಿದೆವು. ಯಾದಗಿರಿಯೊಳಗೆ ನಾನು ಆಸ್ಪತ್ರೆಯ ಕಡೆ ತಿರುಗಿದಾಗ ಬಸ್ಸು ಒಂದು ಉದ್ದನೆಯ ಹಾರ್ನ್ ಹೊಡೆದು ನೇರ ಹೋಯಿತು. ಡ್ರೈವರ್ ಕಿಟಕಿಯಿಂದ ಕೈ ಬೀಸಿದರು. ಸಂದಣಿಯಲ್ಲಿ ನನಗೆ ಸ್ಟೀರಿಂಗ್‌ನಿಂದ ಕೈ ತೆಗೆಯಲೂ ಆಗಲಿಲ್ಲ.

ಅಪ್ಪನನ್ನು ನೇರವಾಗಿ ಒಳಗೆ ಕರೆದೊಯ್ದರು. "ಇನ್ನೂ ತಡ ಆಗಿದ್ದರೆ ಕಷ್ಟವಿತ್ತು" ಎಂದರು ವೈದ್ಯರು. ಸಂಜೆ ಹೊಸ ಫಿಲ್ಟರ್ ಹಾಕಿಸಿಕೊಂಡು ಊರಿಗೆ ಮರಳಿದೆವು.

ಆಮೇಲೆ ಒಂದೆರಡು ಸಲ ಬಸ್ ನಿಲ್ದಾಣದಲ್ಲಿ ಆ ಡ್ರೈವರ್ ಬಗ್ಗೆ ವಿಚಾರಿಸಿದೆ. ಹೆಸರು ಕೇಳಿರಲಿಲ್ಲ, ದಪ್ಪ ಮೀಸೆ ಎಂದರೆ ಅಲ್ಲಿದ್ದವರು ನಕ್ಕರು. ಆ ಡ್ರೈವರ್‌ನಷ್ಟೇ ನೆನಪಾಗುವವರು ಬಸ್ಸಿನ ಪ್ರಯಾಣಿಕರು. ಯಾರಿಗೆ ಕೋರ್ಟಿನ ಕೆಲಸವಿತ್ತೋ, ಯಾರು ರೈಲು ಹಿಡಿಯಬೇಕಿತ್ತೋ ಗೊತ್ತಿಲ್ಲ. ಗೊತ್ತಿಲ್ಲದ ಒಬ್ಬ ಮುದುಕನಿಗಾಗಿ ಅಷ್ಟು ಜನ ನನ್ನ ಕಾರಿನ ವೇಗದಲ್ಲಿ ಬಂದರು. ಬೇಗ ನಡಿ ಎಂದು ಒಬ್ಬರೂ ಕಿಟಕಿಯಿಂದ ಕೂಗಲಿಲ್ಲ.

ಅವರಲ್ಲಿ ಯಾರಾದರೂ ಇದನ್ನು ಓದಿದರೆ ತಿಳಿಯಲಿ ಎಂದು ಬರೆದೆ. ಅಪ್ಪ ಈಗ ಆರಾಮಾಗಿದ್ದಾರೆ. ಬೆಳಿಗ್ಗೆ ಕೋಲು ಹಿಡಿದು ಊರ ಬಾಗಿಲ ಅಗಸಿಯವರೆಗೆ ಒಬ್ಬರೇ ನಡೆದು ಬರುತ್ತಾರೆ.