ಎಂಟು ದಿನದ ಮಟ್ಟಿಗೆ

ಯುಗಾದಿಗೆಂದು ಅಡುಗೆಮನೆ ಒರೆಸುತ್ತಿದ್ದ ಮಗಳು ಮೇಲಿನ ಷೆಲ್ಫಿನಿಂದ ತಗಡಿನ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದಳು. “ಅಪ್ಪಾ, ದಿಸ್ ಈಸ್ ಡಿಸ್ಗಸ್ಟಿಂಗ್. ಬಿನ್?” ಕಸಕ್ಕೆ ಹಾಕಲೇ ಎಂಬಂತೆ ನೋಡಿದಳು. ಶಾಹಿ ಜೀರಿಗೆಯ ಹಳೇ ವಾಸನೆ ತೇಲಿಬಂತು. ನಿಜವಾಗಿ ಬಂತೋ, ನನ್ನ ಭ್ರಮೆಯೋ, ದೇವರೇ ಬಲ್ಲ. ನಾನಂತೂ ಆಗಲೇ ಎಷ್ಟೋ ವರ್ಷ ಹಿಂದಿನ, ಇದೇ ಇಂಗ್ಲೆಂಡಿನ ಲೀಡ್ಸ್ ಊರಿನ ಇನ್ನೊಂದು ಅಡುಗೆಮನೆಯಲ್ಲಿದ್ದೆ.

ಅದು ಹಾನಾ ಅವರ ಮನೆ. ಎಂ.ಎಸ್ಸಿ. ಓದಲು ಬಂದ ನನಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿದ್ದ ಯಹೂದಿ ಅಜ್ಜಿ. ನಮ್ಮ ಯುಗಾದಿ ಕಳೆದು ಹದಿನೈದು ದಿನಕ್ಕೆ ಅವರ ಪಾಸೋವರ್ ಹಬ್ಬ. ಆ ಎಂಟು ದಿನ ಮನೆಯಲ್ಲಿ ಬ್ರೆಡ್ಡಿನ ಚೂರೂ ಇರಕೂಡದು. ಹಬ್ಬದ ಕ್ಲೀನಿಂಗ್ ಅಂದರೆ ಗಂಡಸರು ಮಾಯವಾಗುವ ಸಮಯ, ನಿಮಗೇ ಗೊತ್ತಲ್ಲ. ನಾನೋ ಭೇಷ್ ಅನ್ನಿಸಿಕೊಳ್ಳಲು ಹೋಗಿ ಬೀರು ಗುಡಿಸಿದೆ. ಅಲ್ಲಿದ್ದ ಇದೇ ತಗಡಿನ ಡಬ್ಬಿಯಲ್ಲಿ ಕಲ್ಲಾಗಿದ್ದ ಬ್ರೆಡ್ ತುಂಡು ಸಿಕ್ಕಿತು. ಡಬ್ಬಿ ಸಮೇತ ಕಸದ ಬುಟ್ಟಿಗೆ ಹಾಕಿದೆ.

ಹಾನಾ ಬೈಯಲಿಲ್ಲ. ಮಂಡಿಯೂರಿ ಬರಿಗೈಯಲ್ಲಿ ಬುಟ್ಟಿ ತಡಕಾಡಿದರು. ಅಯ್ಯೋ, ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ.

ಡಬ್ಬಿ ಸಿಕ್ಕಿದ ಮೇಲೆ ಹೇಳಿದರು. ಅವರ ಹುಟ್ಟೂರು ಪ್ರಾಗ್‌ಗೆ ನಾಜಿಗಳು ಬಂದಾಗ ಅವರಿಗೆ ಏಳು ವರ್ಷ. ಶಾಲೆಯಲ್ಲಿ ಬೆಂಚಿನ ಗೆಳತಿ ಜಾಗ ಬದಲಿಸಿದಳು. ಅಪ್ಪನ ಅಂಗಡಿ ಹೋಯಿತು, ಒಂದು ದಿನ ಅಪ್ಪನೂ. ಅಮ್ಮ ಅವರನ್ನು ಇಂಗ್ಲೆಂಡಿಗೆ ಹೊರಟ ಮಕ್ಕಳ ರೈಲು ಹತ್ತಿಸಿ, ಕೈಗೆ ಶಾಹಿ ಜೀರಿಗೆ ಹಾಕಿದ ಬ್ರೆಡ್ ಕೊಟ್ಟರು. “ಅರ್ಧ ತಿಂದೆ. ಅಮ್ಮ ಬರೋವಾಗ ಹಸಿದಿರ್ತಾಳಲ್ಲ, ಅಂತ ಅರ್ಧ ಇಟ್ಟೆ.” ಅಮ್ಮ ಬರಲಿಲ್ಲ. ನಾಜಿಗಳು ಕ್ಯಾಂಪಿಗೆ ಸಾಗಿಸಿದ ಅವರ ಮನೆಯವರು ಯಾರೂ ಬರಲಿಲ್ಲ.

ನಾಯಿಯೂ ಮೂಸದ ಅಂಥ ತುಂಡಿಗೆ ಹಬ್ಬದ ನಿಯಮ ಅನ್ವಯಿಸುವುದಿಲ್ಲ ಎಂದು ಅವರ ಧರ್ಮಗುರುಗಳೇ ಹೇಳಿದ್ದರಂತೆ. ಹಾನಾ ಕೇಳಬೇಕಲ್ಲ! “ಅಮ್ಮ ಕೊಟ್ಟಿದ್ದು ಬ್ರೆಡ್ಡು. ಈಗಲೂ ಬ್ರೆಡ್ಡೇ.” ಎಸೆಯಲಾಗದ್ದನ್ನು ಎಂಟು ದಿನದ ಮಟ್ಟಿಗೆ ಯಹೂದಿಯಲ್ಲದ ಒಬ್ಬರಿಗೆ ಮಾರಿ, ಹಬ್ಬ ಮುಗಿದ ಮೇಲೆ ಮರಳಿ ಕೊಳ್ಳುವ ಸಂಪ್ರದಾಯ ಅವರಲ್ಲಿದೆ. ಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ತೀರಿಕೊಂಡಿದ್ದರಿಂದ ಆ ವರ್ಷದಿಂದ ಗಿರಾಕಿ ನಾನು. ಬೆಲೆ ಒಂದು ಪೆನ್ನಿ, ಅಂದರೆ ಇಲ್ಲಿನ ಒಂದು ಪೈಸೆ. “ಜೋಪಾನ. ವಾಪಸ್ ತಗೊಳ್ಳೋಕೆ ಬರ್ತೀನಿ,” ಎನ್ನುತ್ತಿದ್ದರು, ನಾನಿದ್ದದ್ದು ಅವರದೇ ಮಹಡಿಯಲ್ಲಾದರೂ.

ಕೆಲಸ ಸಿಕ್ಕಿ ನಾನು ಬೇರೆ ಮನೆ ಮಾಡಿದ ಮೇಲೂ ಬಸ್ಸು ಹಿಡಿದು ತಂದುಕೊಡುತ್ತಿದ್ದರು. ಒಂದು ವರ್ಷ ಹಬ್ಬದ ಐದನೆಯ ದಿನ ಹೋಗಿಬಿಟ್ಟರು. ಹಿಂದೆಮುಂದೆ ಯಾರೂ ಇರಲಿಲ್ಲ. ಡಬ್ಬಿ ನನ್ನಲ್ಲೇ ಉಳಿಯಿತು.

“ಸೋ ಇಟ್ಸ್ ಯುವರ್ಸ್?” ಎಂದಳು, ನಾನು ಹೇಳಿದ್ದನ್ನೆಲ್ಲ ಕೇಳಿದ ಮಗಳು.

“ನನ್ನದಲ್ಲಮ್ಮ. ಎಂಟು ದಿನಕ್ಕೆ ಅಂತ ತಗೊಂಡಿದ್ದು.”

ನನ್ನ ನಂತರ ಇದನ್ನು ಯಾರು ಕಸಕ್ಕೆ ಹಾಕುತ್ತಾರೋ ಎಂಬ ಭಯ ವರ್ಷಗಳಿಂದ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಮಗಳು ಮುಚ್ಚಳ ಹಾಕಿ ತನ್ನ ಕೋಣೆಗೆ ಹೋದಳು. ಒಂದು ಪೆನ್ನಿ ತಂದು ನನ್ನ ಅಂಗೈಯಲ್ಲಿಟ್ಟಳು.

“ಎಂಟು ದಿನಕ್ಕೆ, ಅಪ್ಪಾ,” ಎಂದಳು, ಕನ್ನಡದಲ್ಲಿ.

ಡಬ್ಬಿಯನ್ನು ಅವಳ ಕಡೆ ಸರಿಸಿದೆ. “ಜೋಪಾನ,” ಎಂದೆ. “ವಾಪಸ್ ತಗೊಳ್ಳೋಕೆ ಬರ್ತೀನಿ.”