ಕತ್ತರಿ ಬಿದ್ದ ಮದುವೆ

ಮದ್ದೂರಿನ ಬಸ್‌ಸ್ಟ್ಯಾಂಡಿನ ಎದುರು ಕಾಫಿ ಕುಡಿಯುತ್ತಿದ್ದಾಗ ಯಾರದೋ ಫೋನಿನಿಂದ ತಂಬೂರಿಯ ಸದ್ದು ಬಂತು. ಲೋಟ ಕೆಳಗಿಟ್ಟೆ. ಅದು ತಂಬೂರಿ ಪದದ ಸಣ್ಣಮಾದಯ್ಯ ಹಾಡಿದ ಕಥೆ. ಹನಕೆರೆಯ ನಮ್ಮ ಮನೆಯಂಗಳದಲ್ಲಿ, ಊರವರು ಕೂತು ಕೇಳುತ್ತಿದ್ದಂತೆಯೇ ಕ್ಯಾಸೆಟ್ಟಿಗೆ ಹಿಡಿದದ್ದು. ಜೀವನದಲ್ಲಿ ನಾನು ಅಷ್ಟು ಪ್ರೀತಿಸಿದ ಇನ್ನೊಂದು ಕ್ಯಾಸೆಟ್ಟಿಲ್ಲ. ಅದರಲ್ಲಿ ಪದಗಳ ನಡುವೆ ಮುದುಕರ ಕೆಮ್ಮಿತ್ತು, ಕೂಸಿನ ಅಳುವಿತ್ತು, ಕೊಟ್ಟಿಗೆಯ ಎಮ್ಮೆ ಒರಲುವುದೂ ಇತ್ತು. ಮದುವೆಯ ಭಾಗಕ್ಕಾಗಿ ಕಾದೆ. ಅದು ಬಂತು, ಹೋಯಿತು. ಅದರಲ್ಲಿ ನಮ್ಮ ಮನೆಯವರ ದನಿಯೇ ಇರಲಿಲ್ಲ. ಅವರಿದ್ದ ಜಾಗದಲ್ಲಿ ತಂಬೂರಿಯ ಒಂದು ಮೀಟು ಮಾತ್ರ ತಪ್ಪಿತ್ತು. ಯಾರೋ ಕತ್ತರಿಸಿದ್ದಾರೆಂದು ಮೈ ಉರಿಯಿತು.

ಕಥೆಯ ಹೆಣ್ಣಿಗೆ ಮದುವೆಯಾಗುವಾಗ ಕೇಳುವವರು ನಿಜವಾದ ಮದುವೆಗೆ ಬಂದವರ ಹಾಗೆ ಉಡುಗೊರೆ ಕೊಟ್ಟು ಮುಯ್ಯಿ ಮಾಡುವುದು ನಮ್ಮ ಕಡೆಯ ಪದ್ಧತಿ. ಯಾರ ಮನೆಯ ಮುಯ್ಯಿ ಎಂದು ಹಾಡುಗಾರ ಕೂಗಿ ಹೇಳಬೇಕು. ನಮ್ಮಜ್ಜಿ ತೆಗೆದಿಟ್ಟ ಸೀರೆಯನ್ನು ಅಂದು ನಮ್ಮಪ್ಪ ಕೊಟ್ಟ. ಕೊಟ್ಟ ಕೈ ನೋಡಿ ಸಣ್ಣಮಾದಯ್ಯ ಅಪ್ಪನ ಹೆಸರನ್ನೇ ಕೂಗಿಬಿಟ್ಟ. ಮನೆಯ ಹಿರಿಮಗ ದೊಡ್ಡಪ್ಪ ಎದ್ದು ನಿಂತ. "ನಿಲ್ಸಲಾ ತಂಬೂರಿಯ! ಇರೀಕ ನಾನೇನ್ ಸತ್ತೋಗಿದ್ದೀನಾ?" ಅಪ್ಪ ಬಿಡಲಿಲ್ಲ. "ಸೀರೆ ಅವ್ವಂದು ಕಣೋ. ಅವ್ವನ್ ಎಸ್ರೇ ಕೂಗ್ಲಿ ಬುಡು." ಸಣ್ಣಮಾದಯ್ಯ ಮೀಟು ನಿಲ್ಲಿಸದೆ, "ಬೀಗ್ರು ಜಗಳಕ್ಕೂ ಬಂದವ್ರೆ, ಮದ್ವೆ ಜೋರಾಯ್ತು ಕಣ್ರಪ್ಪಾ" ಎಂದು ರಾಗ ಎಳೆದ. ಜನ ನಗುವಾಗ ಹೆಂಗಸರ ಕಡೆಯಿಂದ ಒಂದು ದನಿ: "ಜಗ್ಳ ಆಮ್ಯಾಕ್ ಆಡಿ, ಮೊದ್ಲು ಎಣ್ಣಿಗೆ ತಾಳಿ ಕಟ್ಟುಸ್ರೋ!"

ಅದು ಅಜ್ಜಿಯ ದನಿ ಎಂದೇ ನಾನು ನಂಬಿದ್ದೆ. ಅಂಗಳದ ಆ ದಿನ ನನಗೆ ನಿಜವಾಗಿ ನೆನಪಿದೆಯೇ, ಕ್ಯಾಸೆಟ್ಟು ಕೇಳಿ ಕೇಳಿ ಕಟ್ಟಿಕೊಂಡ ನೆನಪೇ, ಹೇಳಲಾರೆ. ಕ್ಯಾಸೆಟ್ಟು ಅಂಗಡಿಗಳಿಗೆ ಬಂದ ಮೇಲೆ ಮಂಡ್ಯದ ಸಂತೆಯಲ್ಲಿ ಜನ ದೊಡ್ಡಪ್ಪನನ್ನು "ತಂಬೂರಿ ನಿಲ್ಸಿದ ಗೌಡ" ಎಂದು ಕೆಣಕಿದರು. ಅವನು ಬೇರೆ ಒಲೆ ಹೂಡಿದ. ಅಂಗಳಕ್ಕೆ ಗೋಡೆ ಬಂತು. ಅವನು ಗದ್ದೆಗೆ ಹೋದೊಡನೆ ದೊಡ್ಡಮ್ಮ ಗೋಡೆ ಬಳಸಿ ನಮ್ಮ ಅಡುಗೆಮನೆಗೆ ಬಂದು, "ಹಾಕವ್ವ ಅದ್ನ" ಎನ್ನುತ್ತಿದ್ದಳು. ಹುರಿದ ಹುರುಳಿಯ ವಾಸನೆ ಅವಳ ಸೆರಗಿಗೇ ಅಂಟಿರುತ್ತಿತ್ತು. ತಾಳಿಯ ಮಾತು ಬಂದಾಗಲೆಲ್ಲ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅಪ್ಪ, ದೊಡ್ಡಪ್ಪ ಒಂದೇ ಕಡೆ ಮಾತಾಡಿದ್ದು ನಾನು ಆಮೇಲೆ ಕೇಳಿದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ಕ್ಯಾಸೆಟ್ಟನ್ನು ಫೋನಿಗೆ ಏರಿಸಿದವನು ದೊಡ್ಡಪ್ಪನ ಮಗ ರಾಜ ಎಂದು ತಿಳಿಯಿತು. ನಮ್ಮ ಮನೆ ಮಾರಿದಾಗ ಕ್ಯಾಸೆಟ್ಟು ಅವನ ಕೈಗೆ ಹೋಗಿತ್ತು. ಅವನು ಕೆಲಸ ಮಾಡುವ ಕೃಷಿ ಕೇಂದ್ರ, ವಿ.ಸಿ. ಫಾರಂಗೇ ಹೋಗಿ ಕೇಳಿದೆ. "ಯಾಕೋ ಕತ್ತರಿಸ್ದೆ? ಅಜ್ಜಿ ದನಿ ಇರೋದು ಅದೊಂದ್ರಲ್ಲೇ."

"ಅಜ್ಜಿ ಅಲ್ಲ ಕಣೆ ಅದು, ನಮ್ಮವ್ವ," ಎಂದ ರಾಜ. "ಅಷ್ಟ್ ಜನದ್ ಮುಂದೆ ಬಾಯ್ಬುಟ್ಟಿದ್ಕೆ ಅವ್ಳು ತಿಂದ ಏಟು ನಿಂಗೇನ್ ಗೊತ್ತು? ನೀನು ಓದ್ದೋಳು, ನಿಂಗೆ ಅದು ಜಾನಪದ."

ಅದನ್ನು ಕೇಳಿಯೂ ನನ್ನ ಸಿಟ್ಟು ಇಳಿಯಲಿಲ್ಲ. "ಹಂಗಾದ್ರೆ ನೀನು ಅಳಿಸಿದ್ದು ನಿಮ್ಮವ್ವನ್ನೇ ಕಣೋ. ಏಟು ತಿಂದ್ಮೇಲೂ ಅವಳು ಅದನ್ನ ಕೇಳೋಕೆ ದಿನಾ ಬರೋಳು."

"ಸುಳ್ಳು," ಎಂದ. ಮೂಲ ಕ್ಯಾಸೆಟ್ಟು ಕೊಡು ಎಂದೆ. "ನಾಲೆಗೆ ಎಸ್ದೆ. ಓಗು."

ಮಂಡ್ಯ, ಮಳವಳ್ಳಿಯ ಹಳೆಯ ಅಂಗಡಿಗಳಲ್ಲಿ ಇನ್ನೊಂದು ಪ್ರತಿಗಾಗಿ ವಿಚಾರಿಸಿದೆ. ಸಿಗಲಿಲ್ಲ. ರಾಜನನ್ನು ಕ್ಷಮಿಸಿಲ್ಲ. ಅವನು ಹೇಳಿದ್ದು ನಿಜವಿರಬಹುದು; ಅದಕ್ಕೂ ನನ್ನ ಕ್ಷಮೆಗೂ ಸಂಬಂಧವಿಲ್ಲ. ಅಜ್ಜಿ ಹೋಗಿದ್ದಾಳೆ, ದೊಡ್ಡಮ್ಮನೂ. ಒಬ್ಬಳೇ ಕೂತು ತಾಳಿಯ ಆ ಮಾತನ್ನು ಕಿವಿಗೆ ತಂದುಕೊಳ್ಳಲು ನೋಡುತ್ತೇನೆ, ಇವಳದೇ ಅವಳದೇ ಎಂದು ತೂಗಲು. ಪದಗಳೆಲ್ಲ ಸರಿಯಾಗಿ ಬರುತ್ತವೆ. ಕೇಳಿಸುವ ದನಿ ಮಾತ್ರ ನನ್ನದೇ.